ಕಡಗ ತಿರುಗದ ದಿನ

ಹೈದರಾಬಾದಿನ ಒಂದು ಮಕ್ಕಳ ಆಸ್ಪತ್ರೆ, ಮೂರನೆಯ ಮಹಡಿ, ಗುರುವಾರ ರಾತ್ರಿ 8 ಗಂಟೆ. ಒಂದೂವರೆ ವರ್ಷದ ಗಂಡುಕೂಸಿನ ಬಲಗೈಗೆ ಸೂಜಿ ಚುಚ್ಚಿ, ಕೈ ಮಡಚದಂತೆ ರಟ್ಟಿನ ಪಟ್ಟಿ ಕಟ್ಟಿದ್ದಾರೆ. ಸ್ಟ್ಯಾಂಡಿನಲ್ಲಿ ಸಣ್ಣ ಗಾಜಿನ ಬಾಟಲಿ. ತಾಯಿ ಬೀದರಿನವಳು, ನಿನ್ನೆಯ ರೈಲಿಗೆ ಬಂದಿದ್ದಾಳೆ. ಪಕ್ಕದ ಕುರ್ಚಿಯಲ್ಲಿ ಅವಳ ಕಾಕಾ. ನಲವತ್ತು ವರ್ಷ ಮಕ್ಕಳ ವೈದ್ಯರಾಗಿದ್ದು ಈಗ ಕಾಚಿಗುಡದ ಮನೆಯಲ್ಲಿ ವಿಶ್ರಾಂತಿಯಲ್ಲಿರುವವರು. ಕೂಸು ಅತ್ತು ಅತ್ತು ಈಗಷ್ಟೇ ಕಣ್ಣು ಮುಚ್ಚಿದೆ.

ತಾಯಿ: ಕಾಕಾ, ಒಂದು ಹನಿ ಬಿದ್ದು ಇನ್ನೊಂದು ಬೀಳೋದ್ರಾಗ ಎಷ್ಟು ಹೊತ್ತು ಆಗ್ಲತ್ತದ ನೋಡ್ರಿ. ಸ್ವಲ್ಪ ಜೋರು ಬಿಡ್ಲಿಕ್ಕ ಬರಂಗಿಲ್ಲೇನು?

ಕಾಕಾ: ಮೊದಲ ಅರ್ಧ ತಾಸು ಹಿಂಗ ನಿಧಾನ ಇರ್ತದ. ಚಳಿ ಬರ್ತದೇನು, ದದ್ದು ಏಳ್ತಾವೇನು, ಬಿಪಿ ಇಳೀತದೇನು ಅಂತ ನೋಡಿ ಆಮ್ಯಾಲ ಏರಿಸ್ತಾರ. ಇವನ ತೂಕ 10 ಕೆ.ಜಿ. ಈ ಔಷಧ ಕೆ.ಜಿ.ಗೆ 2 ಗ್ರಾಂ ಲೆಕ್ಕ, ಒಟ್ಟು 20 ಗ್ರಾಂ. ಒಂದು ಬಾಟಲಿ 5 ಗ್ರಾಂ. ನಾಲ್ಕು ಬಾಟಲಿ ಇಳೀಲಿಕ್ಕ ಹತ್ತು ಹನ್ನೆರಡು ತಾಸು ಬೇಕು. ನೀ ಬೇಕಾದ್ರ ಮಲಗು, ನಾ ಕೂಡ್ತೀನಿ.

ತಾಯಿ: ನಿದ್ದಿ ಎಲ್ಲಿ ಬರ್ತದ ಕಾಕಾ. ಮುಂಜಾನಿಂದ ನಾಲ್ಕು ಮಂದಿ ಬಂದು ಒಂದೇ ಮಾತು ಕೇಳಿದ್ರು, ಜ್ವರ ಎಷ್ಟು ದಿನದಿಂದ ಅಂತ. ನಾ ಶನಿವಾರದಿಂದ ಅಂದೆ. ನೀವು ಎಲ್ಲರ ಎದುರಿಗೆ ನನ್ನ ಮಾತು ತಡದ್ರಿ.

ಕಾಕಾ: ತಡೀಬೇಕಾಗಿತ್ತು. ಶನಿವಾರ ನೀವು ಡಾಕ್ಟರ ಕಡೆ ಹೋದ ದಿನ. ಜ್ವರ ಬಂದ ದಿನ ಅಲ್ಲ. ನಿನ್ನಿ ರಾತ್ರಿ ಮನ್ಯಾಗ ನೀನೇ ನನಗ ಬ್ಯಾರೆ ಹೇಳಿದ್ದಿ.

ತಾಯಿ: ಹೌದು, ಗುರುವಾರ ಸಂಜಿಗೆ. ಅತ್ತಿದು ಒಪ್ಪತ್ತು ಇತ್ತು. ಅವರು ಊಟಕ್ಕ ಕೂತಾಗ ಇಂವ ಹೋಗಿ ತೊಡಿ ಮ್ಯಾಲ ಕೂತ. "ಇವನ ಮೈ ಕೆಂಡ ಆಗ್ಯಾದಲ್ಲ" ಅಂತ ಅವರೇ ಮೊದಲು ಅಂದದ್ದು. ಆದ್ರ ಆ ರಾತ್ರಿ ಸಿರಪ್ ಹಾಕಿದ್ವಿ, ಇಳೀತು. ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಕಾಕಾ: ಆ ಎರಡು ದಿನಕ್ಕ ಇಲ್ಲಿ ಭಾಳ ಕಿಮ್ಮತ್ತು ಅದ. ನೀ ಹೇಳಿದ ಲೆಕ್ಕದಾಗ ಇವತ್ತು ಆರನೇ ದಿನ. ಖರೆ ಲೆಕ್ಕದಾಗ ಎಂಟನೇದು. ಈ ಔಷಧ ಜ್ವರ ಶುರುವಾಗಿ 10 ದಿನದ ಒಳಗ ಹೋಗಬೇಕು. ಆರನೇ ದಿನ ಅಂದ್ಕೊಂಡವರು ಇನ್ನೊಂದು ದಿನ ನೋಡೋಣ, ಇನ್ನೊಂದು ರಿಪೋರ್ಟ್ ಬರ್ಲಿ ಅಂತ ಕೂಡಬಹುದು. ಎಂಟನೇ ದಿನ ಅಂತ ಗೊತ್ತಾದವರು ಕೂಡಂಗಿಲ್ಲ. ಔಷಧ ಕೊಡದೇ ಬಿಟ್ರ ಈ ರೋಗದ ನಾಲ್ಕು ಮಕ್ಕಳಾಗ ಒಂದಕ್ಕ ಹೃದಯದ ರಕ್ತನಾಳ ಉಬ್ಬತದ. ವ್ಯಾಳ್ಯಾಕ್ಕ ಕೊಟ್ರ ನೂರರಾಗ ನಾಲ್ಕೈದಕ್ಕ ಬಂದು ನಿಲ್ತದ.

ತಾಯಿ: ಬೀದರ್‌ನ್ಯಾಗ ಇಬ್ಬರು ಡಾಕ್ಟರು ನೋಡಿದ್ರಲ್ಲ ಕಾಕಾ. ಅವರಿಗೆ ಯಾಕ ತಿಳೀಲಿಲ್ಲ?

ಕಾಕಾ: ಅವರ ಮ್ಯಾಲ ಸಿಟ್ಟಾಗಬ್ಯಾಡ. ನಿನ್ನ ಚೀಲದಾಗ ನೋಟ್‌ಬುಕ್ ಅದ ಅಲ್ಲ, ತಗಿ. ಗುರುವಾರದಿಂದ ಒಂದೊಂದು ದಿನ ಒಂದೊಂದು ಸಾಲು ಬರಿ. ಏನು ಕಂಡಿ, ಎಷ್ಟೊತ್ತಿಗೆ ಕಂಡಿ. ಡಾಕ್ಟರು ಅಂದ ಹೆಸರು ಬ್ಯಾಡ, ನೀ ಕಣ್ಣಾರೆ ಕಂಡದ್ದಷ್ಟೇ.

ತಾಯಿ: ಗುರುವಾರ ಜ್ವರ. ಶುಕ್ರವಾರ ಜ್ವರ, ಹಾಲು ಕುಡೀಲಿಲ್ಲ. ಶನಿವಾರ ಡಾಕ್ಟರು ಗಂಟಲು ಕೆಂಪಾಗ್ಯಾದ ಅಂದ್ರು, ಆಂಟಿಬಯೋಟಿಕ್ ಬರದು ಕೊಟ್ರು. ರವಿವಾರ ಮುಂಜಾನಿ ಎದಿ ಬೆನ್ನಿನ ಮ್ಯಾಲ ಕೆಂಪು ಗಂಧಿ ಎದ್ದಿದ್ವು. ಕಣ್ಣು ಎರಡೂ ಕೆಂಪು. ಅತ್ತಿ, ಅಮ್ಮ ಬಂದಾಳ ಅಂತ ಬೇವಿನ ಸೊಪ್ಪು ತಂದಿಟ್ರು. ನಮ್ಮನಿಯವರು, ಔಷಧ ಒಗ್ಗಿಲ್ಲ ಅಂತ ಸಿರಪ್ ಬಂದ್ ಮಾಡಿಸಿದ್ರು. ಸೋಮವಾರ ಇನ್ನೊಬ್ಬರ ಕಡೆ ಹೋದ್ವಿ. ಅಷ್ಟೊತ್ತಿಗೆ ಗಂಧಿ ಅರ್ಧ ಮಾಯ ಆಗಿದ್ವು. ಅವರು ಡೆಂಗಿ ಟೆಸ್ಟ್ ಮಾಡಿಸಿದ್ರು, ಇಲ್ಲ ಅಂತ ಬಂತು. ವೈರಲ್ ಜ್ವರ, ಕಣ್ಣು ಬ್ಯಾನಿ, ಡ್ರಾಪ್ಸ್ ಹಾಕ್ರಿ ಅಂದ್ರು. ಮಂಗಳವಾರ ತುಟಿ ಸೀಳಿ ರಕ್ತ ಬಂತು. ನಾಲಿಗಿ ದಾಳಿಂಬ್ರಿ ಕಾಳಿನಂಗ ಆಗಿತ್ತು. ಅವತ್ತೇ ಕಡಗ...

ಕಾಕಾ: ಹಾಂ, ಅದನ್ನ ಸರಿಯಾಗಿ ಹೇಳು.

ತಾಯಿ: ಅತ್ತಿಗೆ ಒಂದು ರೂಢಿ ಅದ. ಇವನಿಗೆ ಎಣ್ಣಿ ಹಚ್ಚುವಾಗ ಬೆಳ್ಳಿ ಕಡಗ ಒಂದು ಸುತ್ತು ತಿರುಗಿಸಿ ಕೆಳಗಿನ ಚರ್ಮಕ್ಕೂ ಎಣ್ಣಿ ಹಚ್ತಾರ. ಮಂಗಳವಾರ ಕಡಗ ತಿರುಗಲೇ ಇಲ್ಲ. ಕೈ ಉಬ್ಬಿತ್ತು, ಅಂಗೈ ಕೆಂಪಗಾಗಿತ್ತು. ಜ್ವರದಾಗ ಕೂಸು ಸೊರಗಬೇಕು, ಇಂವ ಹೆಂಗ ದಪ್ಪ ಆದ ಅಂತ ಅತ್ತಿ ಕೇಳಿದ್ರು. ಆ ಮಾತಿಗೆ ನನಗ ಅಂಜಿಕಿ ಬಂತು. ಸಾಬಾಣ ಹಚ್ಚಿ ಕಡಗ ತಗದ್ವಿ. ಬುಧವಾರ ಮುಂಜಾನಿ ಗಾಡಿಗೆ ಹತ್ತಿದ್ವಿ.

ಕಾಕಾ: ನಿನ್ನ ಅತ್ತಿಯವರು ಅಂದ ಮಾತು ಯಾವ ಪುಸ್ತಕದ ಮಾತಿಗೂ ಕಡಿಮಿ ಇಲ್ಲ. ಈಗ ನೀ ಬರದದ್ದು ನೋಡು. ಇದು ಕವಾಸಾಕಿ ರೋಗ. ಇದನ್ನ ಹಿಡೀಲಿಕ್ಕ ಐದು ಗುರುತು ಅವ. ಕೀವು, ಪಿಸುರು ಇಲ್ಲದ ಕೆಂಪು ಕಣ್ಣು. ತುಟಿ, ಬಾಯಿ, ನಾಲಿಗಿ ಕೆಂಪಾಗಿ ಸೀಳೋದು. ಮೈ ಮ್ಯಾಲ ಗಂಧಿ. ಕೈಕಾಲು ಬಾವು. ಕುತ್ತಿಗಿಯಾಗ ಒಂದೂವರೆ ಸೆಂಟಿಮೀಟರ್ ಮ್ಯಾಲಿನ ಗಡ್ಡಿ. ಐದು ದಿನದ ಜ್ವರದ ಜೋಡಿ ಇದರಾಗ ನಾಲ್ಕು ಇರಬೇಕು. ಇವನಿಗೆ ಗಡ್ಡಿ ಒಂದಿಲ್ಲ, ಉಳಿದ ನಾಲ್ಕೂ ಅವ. ಆದ್ರ ಯಾವ ದಿನ ಅವ? ಒಂದೇ ದಿನ ನಾಲ್ಕೂ ಇದ್ವೇನು?

ತಾಯಿ: ಇಲ್ಲ. ಗಂಧಿ ಬಂದು ಹೋದ ಮ್ಯಾಲ ತುಟಿ ಸೀಳಿದ್ದು.

ಕಾಕಾ: ಮದುವಿಗೆ ನೆಂಟರು ಬಂದಂಗ. ಒಬ್ಬರು ಅರಿಶಿಣದ ದಿನ ಬಂದು ಅವತ್ತೇ ಹೋಗ್ತಾರ, ಒಬ್ಬರು ಅಕ್ಷತಾ ಹೊತ್ತಿಗೆ ಬರ್ತಾರ, ಇನ್ನೊಬ್ಬರು ಊಟ ಮುಗದ ಮ್ಯಾಲ. ಒಂದೇ ದಿನ ಬಂದು ನೋಡಿದವರಿಗೆ ಯಾರು ಯಾರು ಬಂದಿದ್ರು ಅಂತ ಹೆಂಗ ತಿಳೀಬೇಕು? ಶನಿವಾರ ನೋಡಿದವರಿಗೆ ಗಂಟಲಷ್ಟೇ ಕಂಡದ. ಸೋಮವಾರದವರಿಗೆ ಕಣ್ಣು, ಮಾಸಿದ ಗಂಧಿ. ಬಾವು ಯಾರಿಗೂ ಕಂಡಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಾಗ ಬರದ ಮಾರ್ಗಸೂಚಿಯಾಗೂ ಇದೇ ಮಾತು ಅದ: ಗುರುತುಗಳು ಎಲ್ಲಾ ಕೂಡೇ ಇರಬೇಕಂತಿಲ್ಲ, ಮಾಸಿ ಹೋದದ್ದನ್ನೂ ಕೇಳಿ ಕೂಡಿಸಬೇಕು. ಕೇಳಬೇಕಾದದ್ದು ನಿನ್ನನ್ನ, ನಿನ್ನ ಅತ್ತಿನ್ನ. ಎಂಟೂ ದಿನ ಕೂಸಿನ ಜೋಡಿ ಇದ್ದವರು ನೀವಿಬ್ಬರೇ.

ತಾಯಿ: ಮತ್ತ ನೀವು ನಿನ್ನಿ ರಾತ್ರಿ ಇವನ ಅಂಗಿ ತೋಳು ಯಾಕ ಏರಿಸಿ ನೋಡಿದ್ರಿ? ಬಾಯಿ ನೋಡಲಿಲ್ಲ, ಎದಿ ನೋಡಲಿಲ್ಲ, ಮೊದಲು ಎಡಗೈ ರಟ್ಟಿ ನೋಡಿದ್ರಿ.

ಕಾಕಾ: ಬಿಸಿಜಿ ಕಲಿ. ಹುಟ್ಟಿದಾಗ ಕ್ಷಯದ ಲಸಿಕಿ ಹಾಕ್ತಾರಲ್ಲ, ಅದರ ಗುರುತು. ಕವಾಸಾಕಿ ಆದ ಸಣ್ಣ ಮಕ್ಕಳಾಗ ಕೆಲವರಿಗೆ ಆ ಹಳೇ ಕಲಿ ಮತ್ತ ಕೆಂಪಾಗಿ ಉಬ್ಬತದ, ಸುತ್ತಲೂ ಬಳಿ ಬರದಂಗ. ಅಮೆರಿಕಾದ ಐದು ಗುರುತಿನ್ಯಾಗ ಅದು ಇಲ್ಲ, ಅಲ್ಲಿ ಎಲ್ಲಾ ಮಕ್ಕಳಿಗೂ ಬಿಸಿಜಿ ಹಾಕಂಗಿಲ್ಲ. ಜಪಾನಿನವರು ಅದನ್ನ ಗಮನಿಸ್ತಾರ. ನಮ್ಮ ದೇಶದಾಗ ಹುಟ್ಟಿದ ಹೆಚ್ಚುಕಡಿಮಿ ಪ್ರತಿ ಕೂಸಿನ ರಟ್ಟಿ ಮ್ಯಾಲೂ ಆ ಕಲಿ ಅದ. ಬ್ಯಾರೆ ಜ್ವರದಾಗ ಅದು ಹಿಂಗ ಕೆರಳೋದು ಅಪರೂಪ. ಒಂದು ಪೈಸೆ ಖರ್ಚಿಲ್ಲ, ಅಂಗಿ ತೋಳು ಏರಿಸಿದ್ರ ಮುಗೀತು. ನಮ್ಮ ಹಳ್ಳಿಯ ಪ್ರತಿ ಆರೋಗ್ಯ ಕೇಂದ್ರದಾಗ ಇದನ್ನ ಕಲಿಸಬೇಕು ಅಂತ ನಾ ಸಿಕ್ಕ ಸಿಕ್ಕವರಿಗೆಲ್ಲ ಹೇಳ್ತೀನಿ.

(ನರ್ಸ್ ಬಂದು ಬಿಪಿ ನೋಡಿ ಪಂಪಿನ ವೇಗ ಏರಿಸಿ ಹೋಗುತ್ತಾಳೆ.)

ತಾಯಿ: ಈ ರೋಗಕ್ಕ ಒಂದು ರಕ್ತದ ಪರೀಕ್ಷಾ ಇಲ್ಲೇನು ಕಾಕಾ? ಮಲೇರಿಯಾಕ್ಕ ಇದ್ದಂಗ?

ಕಾಕಾ: ಇಲ್ಲ. ಇದೇ ದೊಡ್ಡ ತೊಂದರಿ. ನೀ ಕೇಳಿದ್ದಿ ಅಂತ ಹೇಳ್ತೀನಿ. ಮಲೇರಿಯಾದ ಗುಟ್ಟು ಬಯಲಾದದ್ದು ಈ ಊರಾಗೇ. 1897ರ ಆಗಸ್ಟ್ 20, ಸಿಕಂದರಾಬಾದಿನ ಬೇಗಂಪೇಟ್. ರೊನಾಲ್ಡ್ ರಾಸ್ ಅನ್ನೋ ಮಿಲಿಟರಿ ಡಾಕ್ಟರು ಹುಸೇನ್ ಖಾನ್ ಅನ್ನೋ ರೋಗಿಗೆ ಸೊಳ್ಳಿ ಕಚ್ಚಿಸಿ, ಆಮ್ಯಾಲ ಆ ಸೊಳ್ಳಿ ಹೊಟ್ಟಿ ಸೀಳಿ ಸೂಕ್ಷ್ಮದರ್ಶಕದಾಗ ಮಲೇರಿಯಾದ ಜೀವಿ ಕಂಡ. ನಲ್ಲಕುಂಟದ ಜ್ವರದ ಆಸ್ಪತ್ರಿಗೆ ಅವನ ಹೆಸರೇ ಇಟ್ಟಾರ. ಮಂದಿ ಮಾತ್ರ ಅದನ್ನ ಕೋರಂಟಿ ದವಾಖಾನಿ ಅಂತಾರ, ಕ್ವಾರಂಟೈನ್ ಅನ್ನೋದು ಬಾಯಾಗ ಹಂಗ ಆಗ್ಯಾದ. ಒಂದು ಹನಿ ರಕ್ತ, ಒಂದು ಗಾಜು, ಒಂದು ಉತ್ತರ. ಡಾಕ್ಟರ ಮನಸ್ಸು ಅದಕ್ಕ ಒಗ್ಗಿ ಹೋಗ್ಯಾದ. ಈ ಊರಿನ ಮಳಿಗಾಲದಾಗ ಮಲೇರಿಯಾ, ಡೆಂಗಿ, ಟೈಫಾಯ್ಡ್, ಸ್ಕ್ರಬ್ ಟೈಫಸ್ ಸಾಲಾಗಿ ನಿಂತಿರ್ತಾವ. ಒಂದೊಂದಕ್ಕ ಒಂದೊಂದು ಟೆಸ್ಟ್. ಎಲ್ಲಾ ಇಲ್ಲ ಅಂತ ಬಂದ್ರ "ವೈರಲ್" ಅಂತ ಬರದು ಕಳಿಸ್ತೀವಿ. ಆ ಒಂದು ಮಾತಿನ ಹಿಂದ ಈ ರೋಗ ಅಡಗಿ ಕೂಡ್ತದ.

ತಾಯಿ: ಆದ್ರ ರಕ್ತ ಎರಡು ಸಲ ತಗೊಂಡ್ರಲ್ಲ.

ಕಾಕಾ: ಅದು ಸಾಕ್ಷಿ ಕೇಳಿದಂಗ, ತೀರ್ಪು ಅಲ್ಲ. ಇವನ ಸಿಆರ್‌ಪಿ 112 ಬಂದದ. 30 ದಾಟಿದ್ರೇ ನಾವು ಕಿವಿ ನೆಟ್ಟಗ ಮಾಡ್ತೀವಿ. ಇಎಸ್‌ಆರ್ 96. ಅಲ್ಬುಮಿನ್ ಇಳದದ, 2.8. ಇವೆಲ್ಲ ಮೈಯಾಗ ದೊಡ್ಡ ಉರಿಯೂತ ನಡದದ ಅಂತ ಹೇಳ್ತಾವ. ಎಲ್ಲಿ ಅಂತ ಹೇಳಂಗಿಲ್ಲ.

ತಾಯಿ: ಪ್ಲೇಟ್‌ಲೆಟ್ 5,80,000 ಬಂದಾವ ಅಂದಾಗ ನಮ್ಮನಿಯವರು ಕೈ ಮುಗದ್ರು. ಹೋದ ವರ್ಷ ಅವರ ತಮ್ಮಗ ಡೆಂಗಿ ಆದಾಗ 20,000ಕ್ಕ ಇಳದಿದ್ವು. ಏರ್ಯಾವ ಅಂದ್ರ ಛಲೋ ಆತು ಅಂದ್ಕೊಂಡ್ವಿ.

ಕಾಕಾ: ನಮ್ಮ ಮಂದಿಗೆ ಪ್ಲೇಟ್‌ಲೆಟ್ ಅಂದ್ರ ಇಳೀಬಾರದು ಅಂತಷ್ಟೇ ಗೊತ್ತು. ಡೆಂಗಿ ಅಷ್ಟು ಅಂಜಿಸ್ಯಾದ. ಕವಾಸಾಕಿಯಾಗ ಎರಡನೇ ವಾರಕ್ಕ ಪ್ಲೇಟ್‌ಲೆಟ್ ಏರ್ತಾವ, ಹತ್ತು ಲಕ್ಷ ದಾಟಿದ್ದೂ ನೋಡೀನಿ. ಜ್ವರ ಇನ್ನೂ ಇದ್ದು ಪ್ಲೇಟ್‌ಲೆಟ್ ಏರ್ಲತ್ತಾವ ಅಂದ್ರ ಅದು ಕೈ ಮುಗಿಯೋ ಸುದ್ದಿ ಅಲ್ಲ ಮಗಳ, ಎದ್ದು ನಿಂತು ಹೃದಯದ ಎಕೋ ಮಾಡಿಸೋ ಸುದ್ದಿ.

(10 ಗಂಟೆ. ಎರಡನೆಯ ಬಾಟಲಿ. ಕೂಸು ಎಚ್ಚೆತ್ತು ಕಿರುಚುತ್ತದೆ. ಎತ್ತಿಕೊಂಡರೂ, ಇಳಿಸಿದರೂ ಸಮಾಧಾನವಿಲ್ಲ. ಬಹಳ ಹೊತ್ತಿನ ಮೇಲೆ ಸುಮ್ಮನಾಗುತ್ತದೆ.)

ತಾಯಿ: ಇಂವ ಹಿಂಗ ಅಳೋ ಕೂಸೇ ಅಲ್ಲ. ನಾನು ಎತ್ಕೊಂಡ್ರೂ ದೂಡ್ತಾನ.

ಕಾಕಾ: ಅದೂ ರೋಗದ ಒಂದು ಗುಣ. ಐದರ ಪಟ್ಟಿಯಾಗ ಇಲ್ಲ, ಆದ್ರ ನೋಡಿದವರಿಗೆ ಗೊತ್ತು. ಬ್ಯಾರೆ ಜ್ವರದ ಕೂಸು ತಾಯಿ ಹೆಗಲಿಗೆ ಬಿದ್ದಿರ್ತದ. ಇದು ತಾಯಿ ಕೈನೂ ಒಲ್ಲೆ ಅಂತದ.

ತಾಯಿ: ಕವಾಸಾಕಿ ಅಂದ್ರ ಮೋಟರ್ ಸೈಕಲ್ ಹೆಸರು ಅಂದ್ಕೊಂಡಿದ್ದೆ.

ಕಾಕಾ: ತೊಮಿಸಾಕು ಕವಾಸಾಕಿ, ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರಿಯ ಮಕ್ಕಳ ಡಾಕ್ಟರು. 1961ರ ಜನವರಿಯಾಗ 4 ವರ್ಷದ ಹುಡುಗ ಬಂದ. ಜ್ವರ, ಕೆಂಪು ಕಣ್ಣು, ಗಂಧಿ, ಕೈ ಬಾವು. ತನಗ ಗೊತ್ತಿದ್ದ ಯಾವ ಹೆಸರೂ ಆ ಹುಡುಗನಿಗೆ ಹೊಂದಲಿಲ್ಲ. ಹುಡುಗ ಮನಿಗೆ ಹೋಗುವಾಗ ರೋಗ ಯಾವುದು ಅಂತ ತಿಳೀಲಿಲ್ಲ ಅಂತಲೇ ದಾಖಲಿ ಆಯ್ತು. ನನಗ ಇವತ್ತಿಗೂ ಆ ಮನುಷ್ಯಾನ ಮ್ಯಾಲ ಗೌರವ ಇರೋದು ಅದಕ್ಕ. ಏನೋ ಒಂದು ಹೆಸರು ಬರದು ಕೈ ತೊಳಕೊಳ್ಳಲಿಲ್ಲ. ಮರುವರ್ಷ ಅಂಥದೇ ಇನ್ನೊಂದು ಕೂಸು ಬಂದಾಗ ಮೊದಲಿನದು ನೆನಪಾಯ್ತು. ಆಮ್ಯಾಲ ಒಂದೊಂದೇ ಕೂಡಿಸ್ಕೋತ ಹೋದ. 1967ರಾಗ 50 ಮಕ್ಕಳ ವಿವರ ಜಪಾನಿ ಭಾಷಾದಾಗ ಅಚ್ಚಾಯ್ತು. ಇಂಗ್ಲಿಷಿಗೆ ಬಂದದ್ದು 1974ಕ್ಕ.

ತಾಯಿ: ಆಗಲೇ ಹೃದಯಕ್ಕ ತೊಂದರಿ ಅಂತ ಗೊತ್ತಿತ್ತೇನು?

ಕಾಕಾ: ಇಲ್ಲ. ತಾನಾಗೇ ವಾಸಿ ಆಗೋ ರೋಗ ಅಂತ ಮೊದಲು ತಿಳಕೊಂಡಿದ್ರು. 1970ರಾಗ ಜಪಾನಿನ ತುಂಬ ಸಮೀಕ್ಷಾ ಮಾಡಿದಾಗ ಆರಾಮಾಗಿ ಮನಿಗೆ ಹೋದ ಮಕ್ಕಳಾಗ ಕೆಲವು ದಿಢೀರಂತ ಸತ್ತಿದ್ದು ತಿಳೀತು. ಹೃದಯಕ್ಕ ರಕ್ತ ಕೊಡೋ ನಾಳದಾಗ ಉಬ್ಬು, ಉಬ್ಬಿನ್ಯಾಗ ಹೆಪ್ಪುಗಟ್ಟಿದ ರಕ್ತ. ಇವನಂಥ ಕೂಸಿನ ಹೃದಯದ ನಾಳ ಎಷ್ಟು ದಪ್ಪ ಇರ್ತದ ಗೊತ್ತೇನು? ಹೆಚ್ಚುಕಡಿಮಿ 2 ಮಿ.ಮೀ. ಮೈ ಕಾಯೋ ಜೀವಕೋಶಗಳೇ ಆ ನಾಳದ ಗ್ವಾಡಿಯೊಳಗ ಹೊಕ್ಕು ತಿಂದು ಸಡ್ಲ ಮಾಡ್ತಾವ. ಸೈಕಲ್ ಟ್ಯೂಬ್ ಒಂದು ಕಡೆ ಸವದು ತೆಳ್ಳಗಾದ್ರ ಗಾಳಿ ಹೊಡದಾಗ ಅಲ್ಲೇ ಗುಳ್ಳಿ ಏಳ್ತದ ಅಲ್ಲ, ಹಂಗ. ಯಾಕ ಹಿಂಗ ತಿರುಗಿ ಬೀಳ್ತಾವ ಅನ್ನೋದು ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ.

ತಾಯಿ: ಇವನ ಎಕೋದಾಗ ಏನದ? ಡಾಕ್ಟರು ಹಿಂದಿಯಾಗ ಏನೋ ನಂಬರ್ ಹೇಳಿದ್ರು, 2.2 ಅಂತ.

ಕಾಕಾ: ಅದು ಜೆಡ್ ಸ್ಕೋರ್. ಒಂದು ಅಂಗಿ ಇವನಿಗೆ ದೊಡ್ಡದು, ಐದು ವರ್ಷದವನಿಗೆ ಬಿಗಿ. ಹಂಗೇ 2 ಮಿ.ಮೀ. ನಾಳ ಒಂದು ಕೂಸಿಗೆ ಸಹಜ, ಇನ್ನೊಂದಕ್ಕ ಅಗಲ. ಅದಕ್ಕ ಕೂಸಿನ ಎತ್ತರ, ತೂಕ ಹಿಡದು ಅಳತಿ ತಾಳಿ ನೋಡ್ತಾರ. 2ರ ಒಳಗ ಇದ್ರ ಸಹಜ. 2.5 ಮುಟ್ಟಿದ್ರ ಉಬ್ಬು ಅಂತಾರ. ಇವನದು ನಡುವ ಅದ. ಸ್ವಲ್ಪ ಅಗಲ ಆಗ್ಯಾದ, ಉಬ್ಬಿಲ್ಲ. ನನಗ ಧೈರ್ಯ ಅದ. ಆದ್ರ ಇವತ್ತಿನ ಎಕೋ ಇವತ್ತಿಗಷ್ಟೇ. ಎರಡು ವಾರಕ್ಕ ಒಮ್ಮೆ, ಆರು ವಾರಕ್ಕ ಒಮ್ಮೆ ಮತ್ತ ಮಾಡಿಸಬೇಕು. ಮೊದಲ ವಾರದ ಎಕೋ ಛಲೋ ಅದ ಅಂತ ರೋಗ ಇಲ್ಲ ಅಂದು ಕಳಿಸಿದವರೂ ಇದ್ದಾರ. ಅದು ತಪ್ಪು.

ತಾಯಿ: ನೀವು ಎಂದಾದ್ರೂ ಈ ರೋಗ ಗುರುತು ಹಿಡೀದೇ ಬಿಟ್ಟೀರೇನು ಕಾಕಾ?

(ಅವರು ಬಹಳ ಹೊತ್ತು ಹನಿ ಬೀಳುವುದನ್ನೇ ನೋಡುತ್ತಾರೆ.)

ಕಾಕಾ: ಬಿಟ್ಟೀನಿ. ನಾ ಓದು ಮುಗಿಸಿ ಸ್ವಂತ ಕ್ಲಿನಿಕ್ ಹಾಕಿ ಎರಡನೇ ವರ್ಷ. ಮೂರು ವರ್ಷದ ಹುಡುಗ, ತಾಂಡೂರ ಕಡೆಯವರು, ಮನ್ಯಾಗ ಕನ್ನಡ ಮಾತಾಡೋರು. ಜ್ವರ, ಗಂಧಿ, ಕೆಂಪು ಕಣ್ಣು. ನಾ ದಡಾರ ಅಂದೆ. ಕೆಮ್ಮು ಇರ್ಲಿಲ್ಲ, ಮೂಗು ಸೋರ್ತಿರ್ಲಿಲ್ಲ. ದಡಾರದಾಗ ಅವು ಇರಬೇಕು. ಗಂಧಿ ಕಿವಿ ಹಿಂದಿನಿಂದ ಶುರುವಾಗಬೇಕು, ಆ ಹುಡುಗನಿಗೆ ಹಂಗ ಇರ್ಲಿಲ್ಲ. ಇವೆಲ್ಲ ನನಗ ಗೊತ್ತಿತ್ತು, ಆದ್ರೂ ದಡಾರ ಅಂದೆ. ವಾಸಿ ಆಯ್ತು. ಎರಡು ವಾರಕ್ಕ ಆ ತಾಯಿ ಮತ್ತ ಬಂದಳು. ಒಂದು ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮ್ಯಾಲ ಇಟ್ಟಳು. ಬೆರಳಿನ ತುದಿ ಚರ್ಮ, ಉಳ್ಳಾಗಡ್ಡಿ ಪೊರಿ ಹಂಗ, ಉಗುರಿನ ಬುಡದಿಂದ ಸುಲದು ಬಂದದ್ದು. "ಇದು ಯಾಕ್ರಿ ಡಾಕ್ಟ್ರ?" ಅಂದಳು. ನಾ ವಿಟಮಿನ್ ಟಾನಿಕ್ ಬರದು ಕೊಟ್ಟೆ.

ತಾಯಿ: ಅದೇನು ಗುರುತಿತ್ತು?

ಕಾಕಾ: ಕವಾಸಾಕಿಯ ಕೊನೆಯ ಗುರುತು. ಎರಡು ಮೂರು ವಾರಕ್ಕ ಬೆರಳ ತುದಿ ಸುಲೀತದ. ರೋಗವೇ ತನ್ನ ಹೆಸರು ಬರದು ಕೊಟ್ಟು ಹೋದಂಗ. ಆ ತಾಯಿ ಅದನ್ನ ನನ್ನ ಮೇಜಿನ ಮ್ಯಾಲ ತಂದಿಟ್ಟಳು, ನಾ ಓದಲಿಲ್ಲ. ಆಮ್ಯಾಲ ನಾಲ್ಕು ವರ್ಷಕ್ಕ ಒಂದು ಸಮ್ಮೇಳನದಾಗ ಆ ಚಿತ್ರ ಪರದೆ ಮ್ಯಾಲ ಕಂಡಾಗ ಆ ಪೊಟ್ಟಣ ಕಣ್ಣ ಮುಂದ ಬಂತು. ಊಟಕ್ಕ ಹೋಗಲಿಲ್ಲ ನಾ ಅವತ್ತು. ಆ ಹುಡುಗ ಮತ್ತ ನನ್ನ ಕಡೆ ಬರಲಿಲ್ಲ. ಬದುಕಿದ್ರ ಈಗ ಅವನಿಗೆ ನಲವತ್ತು ದಾಟಿರಬೇಕು. ಆಗ ಈ ಬಾಟಲಿಯ ಔಷಧ ನಮ್ಮ ಕೈಯಾಗ ಇರ್ಲಿಲ್ಲ ಖರೆ. ಜಪಾನಿನವರು ಇದು ಕೆಲಸ ಮಾಡ್ತದ ಅಂತ ತೋರಿಸಿದ್ದು 1984ರಾಗ. ಒಂದೇ ಸಲಕ್ಕ 2 ಗ್ರಾಂ ಅನ್ನೋ ಈಗಿನ ಲೆಕ್ಕ ನಿಂತದ್ದು 1991ಕ್ಕ. ಆದ್ರ ಆಸ್ಪಿರಿನ್ ಇತ್ತು. ಹೃದಯದ ಮ್ಯಾಲ ಕಣ್ಣಿಡಬಹುದಿತ್ತು. ಆ ತಾಯಿಗೆ ರೋಗದ ಹೆಸರಾದ್ರೂ ಹೇಳಬಹುದಿತ್ತು.

ತಾಯಿ: ನೀವು ಇದನ್ನ ಯಾರ ಮುಂದೂ ಹೇಳಿಲ್ಲೇನು?

ಕಾಕಾ: ಕಲಿಯೋ ಹುಡುಗರಿಗೆ ಪ್ರತಿ ವರ್ಷ ಹೇಳ್ತಿದ್ದೆ. ಮನ್ಯಾಗ ಹೇಳಿರ್ಲಿಲ್ಲ.

(ಪಕ್ಕದ ಮಂಚದಲ್ಲಿ ಏಳು ವರ್ಷದ ಹುಡುಗಿ ಹೊಟ್ಟೆ ಹಿಡಿದುಕೊಂಡು ನರಳುತ್ತಾಳೆ. ಅವಳ ಅಜ್ಜಿ ಕನ್ನಡದಲ್ಲೇ ದೇವರನ್ನು ಕರೆಯುತ್ತಾಳೆ.)

ತಾಯಿ: ಅವರು ನಾರಾಯಣಪೇಟ್ ಜಿಲ್ಲಾದ ಕೃಷ್ಣಾ ಕಡೆಯವರಂತ. ಆ ಹುಡುಗಿ ಕಾಲು ನೋಡಿದ್ರೇನು? ಮೊಣಕಾಲಿನ ಕೆಳಗ, ಕುಂಡಿ ಮ್ಯಾಲ, ನೇರಳಿ ಹಣ್ಣು ಒತ್ತಿ ಇಟ್ಟಂಗ.

ಕಾಕಾ: ನೋಡಿದೆ. ಅದೂ ರಕ್ತನಾಳದ ಉರಿಯೂತವೇ, ಆದ್ರ ಸಣ್ಣ ನಾಳಗಳದ್ದು. ಐಜಿಎ ವ್ಯಾಸ್ಕುಲೈಟಿಸ್ ಅಂತಾರ, ಮೊದಲು ಹೆನಾಕ್-ಶೋನ್‌ಲೈನ್ ಅಂತಿದ್ವಿ. ಮಕ್ಕಳಾಗ ಈ ಜಾತಿಯ ರೋಗಗಳಾಗ ಎಲ್ಲಕ್ಕಿಂತ ಹೆಚ್ಚು ಕಾಣೋದು ಇದೇ. ಗಾಜಿನ ಲೋಟ ಇಟ್ಟು ಒತ್ತಿ ನೋಡು, ಆ ಕಲಿ ಮಾಸಂಗಿಲ್ಲ. ರಕ್ತ ನಾಳದ ಹೊರಗ ಸೋರ್ಯಾದ. ಪ್ಲೇಟ್‌ಲೆಟ್ ಸಹಜ ಇರ್ತಾವ, ಅದರಿಂದಲೇ ರಕ್ತದ ಬ್ಯಾರೆ ರೋಗ ಅಲ್ಲ ಅಂತ ತಿಳೀತದ. ತೊಡಕು ಎಲ್ಲಿ ಅಂದ್ರ, ಕೆಲವರಿಗೆ ಕಲಿ ಏಳೋ ಮೊದಲೇ ಹೊಟ್ಟಿ ನೋವು ಬರ್ತದ. ಅಪೆಂಡಿಕ್ಸ್ ಅಂತ ಹೊಟ್ಟಿ ಕೊಯ್ಯಲಿಕ್ಕ ತಯಾರಾಗ್ತಾರ. ಹೆಚ್ಚಿನ ಮಕ್ಕಳು ಆರಾಮ ಆಗ್ತಾರ. ಆದ್ರ ಮನಿಗೆ ಹೋದ ಮ್ಯಾಲ ಆರು ತಿಂಗಳು ಮೂತ್ರ ಪರೀಕ್ಷಾ ಮಾಡಿಸ್ತಿರಬೇಕು. ಕಿಡ್ನಿ ಬಾಧೆ ತಡವಾಗಿ ಬರ್ತದ, ನೋವಿಲ್ಲದೇ ಬರ್ತದ. ಮುಂಜಾನಿ ಆ ಅಜ್ಜಿಗೆ ನಾನೇ ಕನ್ನಡದಾಗ ಹೇಳ್ತೀನಿ.

ತಾಯಿ: ಅವರಿಗೆ ತೆಲುಗು ಬರ್ತದ ಅನ್ಕೊಂಡಾರ ಇಲ್ಲಿಯವರು.

ಕಾಕಾ: ಬರ್ತದ. ಬಾಜಾರಿನ ತೆಲುಗು. ಕೂಸಿನ ಸಂಕಟ ಹೇಳೋದು ಅವ್ವನ ಭಾಷಾದಾಗ. 1956ರ ತನಕ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಇದೇ ಹೈದರಾಬಾದ್ ರಾಜ್ಯ. ಗಡಿ ಬದಲಾಯ್ತು, ದವಾಖಾನಿ ಹಾದಿ ಬದಲಾಗಲಿಲ್ಲ. 1953ರಾಗ ನಿಲೋಫರ್ ಆಸ್ಪತ್ರಿ ಶುರುವಾದ ಮ್ಯಾಲ ನಮ್ಮ ಕಡೆಯ ತಾಯಂದಿರು ಕೂಸು ಎತ್ಕೊಂಡು ಅದೇ ಹಾದಿ ಹಿಡದಾರ. ನಿಜಾಮರ ಸೊಸಿ ನಿಲೋಫರ್, ತನ್ನ ಸೇವಕಿ ಹೆರಿಗಿಯಾಗ ಸತ್ತಳು ಅಂತ ಮನಸ್ಸು ನೊಂದು ಕಟ್ಟಿಸಿದ್ದು ಅದು. ಈಗಲೂ ಇಲ್ಲಿಯ ಪ್ರತಿ ಮಕ್ಕಳ ವಾರ್ಡಿನ್ಯಾಗ ಕನ್ನಡದ ಅಳು ಕೇಳ್ತದ. ಕೇಸ್ ಪೇಪರ್ ಬರಿಯೋ ಹೊತ್ತಿಗೆ ಅದು ಹಿಂದಿ ಆಗಿ, ಇಂಗ್ಲಿಷ್ ಆಗಿ, "ಫೀವರ್ ಆರು ದಿನ" ಅಂತ ಉಳೀತದ. ನಿನ್ನ ಅತ್ತಿಯ ಒಪ್ಪತ್ತೂ ಇಲ್ಲ, ಕಡಗವೂ ಇಲ್ಲ.

(ರಾತ್ರಿ 2 ಗಂಟೆ. ಮೂರನೆಯ ಬಾಟಲಿ ಮುಗಿಯುತ್ತಾ ಬಂದಿದೆ.)

ತಾಯಿ: ಇದು ಏನಿಂದ ಮಾಡ್ತಾರ ಕಾಕಾ? ಒಂದೊಂದು ಬಾಟಲಿಗೆ ಸಾವಿರಗಟ್ಟಲೆ ಬಿಲ್ ಆಗ್ಯಾದ. ನಮ್ಮನಿಯವರು ಕೆಳಗ ಕೌಂಟರಿನ್ಯಾಗ ನಿಂತಾಗ ಮುಖ ನೋಡ್ಲಿಕ್ಕ ಆಗಲಿಲ್ಲ.

ಕಾಕಾ: ರಕ್ತದಿಂದಲೇ. ರಕ್ತದಾನ ಮಾಡಿದ ಸಾವಿರಾರು ಮಂದಿಯ ಪ್ಲಾಸ್ಮಾ ಒಂದೇ ಕಡೆ ಕೂಡಿಸಿ, ಅದರೊಳಗಿನ ಇಮ್ಯುನೋಗ್ಲೋಬುಲಿನ್ ತಗೀತಾರ. ಐವಿಐಜಿ ಅಂದ್ರ ಅದೇ. ಅದಕ್ಕ ತುಟ್ಟಿ. ಈ ಹನಿಯಾಗ ಎಷ್ಟು ಊರಿನವರ ರಕ್ತ ಅದನೋ.

ತಾಯಿ: ಅವರ್ಯಾರಿಗೂ ಇವನ ಹೆಸರು ಗೊತ್ತಿಲ್ಲ.

ಕಾಕಾ: ಇಲ್ಲ.

ತಾಯಿ: ಇಷ್ಟಕ್ಕ ಮುಗೀತದೇನು?

ಕಾಕಾ: ಬಾಟಲಿ ಮುಗದು 36 ತಾಸು ಜ್ವರದ ಮ್ಯಾಲ ಕಣ್ಣಿಡಬೇಕು. ಹತ್ತು ಮಕ್ಕಳಾಗ ಒಂದೆರಡಕ್ಕ ಜ್ವರ ಮತ್ತ ಬರ್ತದ. ಬಂದ್ರ ಇದನ್ನೇ ಇನ್ನೊಮ್ಮೆ ಕೊಡಬಹುದು, ಇಲ್ಲಾ ಸ್ಟೀರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್ ಅಂತ ಬ್ಯಾರೆ ದಾರಿ ಅವ. ಮನಿಗೆ ಹೋದ ಮ್ಯಾಲ ಆಸ್ಪಿರಿನ್ ಸಣ್ಣ ಡೋಸ್ ಆರೆಂಟು ವಾರ. ಆ ಹೊತ್ತಿನ್ಯಾಗ ಫ್ಲೂ, ಚಿಕನ್‌ಪಾಕ್ಸ್ ಅನ್ನೋ ಅಮ್ಮ ಏನಾದ್ರೂ ಬಂದ್ರ ಕೂಡ್ಲೇ ಫೋನ್ ಮಾಡು, ಆಸ್ಪಿರಿನ್ ಜೋಡಿ ಅವು ಕೂಡಬಾರದು. ಇನ್ನೊಂದು: ಇವನದು ದಡಾರ-ರುಬೆಲ್ಲಾ ಎರಡನೇ ಲಸಿಕಿ ಆಗಿಲ್ಲ ಅಲ್ಲ?

ತಾಯಿ: ಆಶಾ ಅಕ್ಕ ಮುಂದಿನ ತಿಂಗಳು ಅಂದಾಳ.

ಕಾಕಾ: 11 ತಿಂಗಳು ತಡೀಬೇಕು. ಈಗ ಇವನ ಮೈಯಾಗ ಮಂದಿಯ ಪ್ರತಿಕಾಯ ತುಂಬ್ಯಾವ, ಲಸಿಕಿ ಹಾಕಿದ್ರೂ ಹತ್ತಂಗಿಲ್ಲ. ತಾಯಿ ಕಾರ್ಡಿನ ಮ್ಯಾಲ ಇವತ್ತಿನ ತಾರೀಖು ಬರದು, ದೊಡ್ಡ ಅಕ್ಷರದಾಗ ಐವಿಐಜಿ ಕೊಟ್ಟದ ಅಂತ ಬರಿ. ಮರತರ ಆಶಾ ಅಕ್ಕನ ತಪ್ಪಲ್ಲ.

ತಾಯಿ: ಕೊರೊನಾ ಆದ ಮಕ್ಕಳಿಗೂ ಹಿಂಗೇ ಆಗಿತ್ತು ಅಂತ ಇಲ್ಲಿಯ ನರ್ಸಮ್ಮ ಅಂದಳು.

ಕಾಕಾ: ಹತ್ತಿರದ ಸಂಬಂಧಿ, ಅದೇ ಅಲ್ಲ. 2020ರ ಏಪ್ರಿಲ್‌ನ್ಯಾಗ ಬ್ರಿಟನ್ನಿನ ಡಾಕ್ಟರು ಮೊದಲು ಕೂಗಿದ್ರು. ಕೊರೊನಾ ಬಂದು ಹೋದ ಎರಡರಿಂದ ಆರು ವಾರಕ್ಕ ಮಕ್ಕಳಿಗೆ ಜ್ವರ, ಕೆಂಪು ಕಣ್ಣು, ಗಂಧಿ. ಆದ್ರ ಆ ಮಕ್ಕಳು ಸ್ವಲ್ಪ ದೊಡ್ಡವರು. ಹೊಟ್ಟಿ ನೋವು, ವಾಂತಿ ಹೆಚ್ಚು, ಬಿಪಿ ಕುಸೀತಿತ್ತು, ಪ್ಲೇಟ್‌ಲೆಟ್ ಇಳೀತಿದ್ವು. ಕೊರೊನಾದ ಆ ಎರಡು ವರ್ಷದಾಗ ಕವಾಸಾಕಿಯ ಪುಟ ತೆರೀದವರೂ ತೆರದ್ರು. ಅದೇ 2020ರ ಜೂನ್‌ನ್ಯಾಗ ಕವಾಸಾಕಿ ತೀರಿಕೊಂಡ್ರು, 95 ವರ್ಷ. ರೋಗ ಯಾಕ ಬರ್ತದ ಅನ್ನೋದು ತಿಳೀದೇ ಹೋದ್ರು.

ತಾಯಿ: ದೊಡ್ಡ ಮಕ್ಕಳಿಗೂ ನಾಳದ ರೋಗ ಬರ್ತದೇನು ಮತ್ತ?

ಕಾಕಾ: ಬರ್ತದ. ಟಾಕಾಯಾಸು ಅಂತ ಒಂದದ, ಅದೂ ಜಪಾನಿ ಡಾಕ್ಟರ ಹೆಸರೇ. 1908ರಾಗ ಒಬ್ಬಾಕಿಯ ಕಣ್ಣಿನ ನಾಳ ನೋಡಿ ಹೇಳಿದ್ದು. ಹೃದಯದಿಂದ ಹೊರಡೋ ದೊಡ್ಡ ನಾಳಗಳೇ ದಪ್ಪಾಗಿ ಇಕ್ಕಟ್ಟಾಗ್ತಾವ. ಹೆಚ್ಚಾಗಿ ಹುಡುಗಿಯರಿಗೆ. ತಲಿ ನೋವು ಅಂತ ಬರ್ತಾರ, ಚಷ್ಮಾ ಬದಲಿಸ್ತಾರ, ಓದಿನ ಒತ್ತಡ ಅಂತಾರ. ಬಿಪಿ ಯಾರೂ ನೋಡಂಗಿಲ್ಲ, ಮಕ್ಕಳಿಗೆಂಥಾ ಬಿಪಿ ಅಂತ. ಮಕ್ಕಳ ಅಳತಿಯ ಪಟ್ಟಿ ಎಷ್ಟೋ ಕ್ಲಿನಿಕ್ಕಿನ್ಯಾಗ ಇರೋದೇ ಇಲ್ಲ. ಎರಡೂ ಕೈ ನಾಡಿ ಒಮ್ಮೆ ಹಿಡದು ನೋಡಿದ್ರ ಕೆಲವರಿಗೆ ಒಂದು ಕೈಯಾಗ ಸಿಗೋದೇ ಇಲ್ಲ. ಆ ಮಾತು ಈಗ ಬ್ಯಾಡ. ನೀ ಸ್ವಲ್ಪ ಕಣ್ಣು ಮುಚ್ಚು.

(ಅವಳು ಮಂಚದ ಅಂಚಿಗೆ ತಲೆಯಿಡುತ್ತಾಳೆ. ಕಾಕಾ ನೋಟ್‌ಬುಕ್ ತೆಗೆದು ಅವಳು ಬರೆದದ್ದನ್ನು ಕನ್ನಡಕ ಏರಿಸಿ ಓದುತ್ತಾರೆ. ಮಂಗಳವಾರದ ಸಾಲಿನಲ್ಲಿ "ಕಡಗ ತಿರುಗಲಿಲ್ಲ" ಎಂದಷ್ಟೇ ಇದೆ. ಅದರ ಕೆಳಗೆ ತಮ್ಮ ಕೈಯಿಂದ "ಮುಂಜಾನೆ, ಎಣ್ಣೆ ಹಚ್ಚುವಾಗ, ಅಜ್ಜಿ ಕಂಡದ್ದು" ಎಂದು ಸೇರಿಸುತ್ತಾರೆ. ನಾಲ್ಕನೆಯ ಬಾಟಲಿ ಮುಗಿಯುವಾಗ ಕಿಟಕಿಯಲ್ಲಿ ಬೆಳಕು. ಥರ್ಮಾಮೀಟರಿನಲ್ಲಿ 99.6.)

ತಾಯಿ: ಇಳದದೇನು?

ಕಾಕಾ: ಇಳೀಲತ್ತದ. ಲೆಕ್ಕ ಈಗ ಶುರು. ಬರಿ: ಶುಕ್ರವಾರ, 6.40, 99.6. ಸಿರಪ್ ಹಾಕಿಲ್ಲ ಅಂತಲೂ ಬರಿ.

(ಪಾಳಿ ಬದಲಾಗಿದೆ. ಹೊಸ ಡಾಕ್ಟರು, ಚಿಕ್ಕ ಹುಡುಗಿ, ಕೇಸ್ ಪೇಪರ್ ತಿರುವುತ್ತ ಬಂದು ತೆಲುಗಿನಲ್ಲಿ ಕೇಳುತ್ತಾಳೆ, ಜ್ವರ ಎಷ್ಟು ದಿನದಿಂದ ಅಮ್ಮಾ ಎಂದು. ಕಾಕಾ ಬಾಯಿ ತೆರೆಯುವಷ್ಟರಲ್ಲಿ ತಾಯಿ ಎದ್ದು ನಿಂತಿದ್ದಾಳೆ.)

ತಾಯಿ: ಈ ರೋಜು ತೊಮ್ಮಿದೋ ರೋಜು ಮೇಡಂ. ಒಂಬತ್ತನೇ ದಿನ. ಎಲ್ಲಾ ಬರದೀನಿ. ಓದಿ ಹೇಳ್ಲೇನು?